ಓಜರಿಂದ ವಿಶ್ವವಿದ್ಯಾಲಯದವರೆಗೆ: ಕಾಗಿಣಾ ತೀರದಲ್ಲಿ ಚಿತ್ರವಿದ್ಯೆಯ ಬೋಧನೆ

ಕರ್ನಾಟಕದ ಚಿತ್ರಕಲೆಯ ಇತಿಹಾಸವನ್ನು ಬರೆದವರ ಗಮನ ಬಹುಮಟ್ಟಿಗೆ ಬಾದಾಮಿ, ಹಂಪಿ, ಲೇಪಾಕ್ಷಿ, ಮೈಸೂರುಗಳ ಕಡೆಗೆ ಹರಿದಿದೆ. ಕಲಾಶಿಕ್ಷಣದ ಇತಿಹಾಸವನ್ನು ಹೇಳುವಾಗಲೂ ಮೈಸೂರಿನ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆ, ಬೆಂಗಳೂರಿನ ಕಲಾಮಂದಿರ, ಗದಗಿನ ವಿಜಯ ಕಲಾಮಂದಿರ ಮೊದಲಾದ ಹೆಸರುಗಳು ಮುಂದೆ ಬರುತ್ತವೆ. ಕಲಬುರಗಿ ಜಿಲ್ಲೆಯ ಪೂರ್ವ ಮತ್ತು ದಕ್ಷಿಣ ಭಾಗದ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಪ್ರದೇಶವು ಈ ಎರಡೂ ಕಥನಗಳಲ್ಲಿ ಅಂಚಿನಲ್ಲಿಯೇ ಉಳಿದಿದೆ. ಈ ಪ್ರದೇಶವನ್ನು ಜನರು ಇಂದು ಸುಣ್ಣದ ಕಲ್ಲು, ಸಿಮೆಂಟು, ತೊಗರಿ ಮತ್ತು ರೈಲು ಜಂಕ್ಷನ್ನುಗಳ ಮೂಲಕ ಗುರುತಿಸುತ್ತಾರೆ. ಆದರೆ ರೂಪವನ್ನು ರೇಖೆಯಲ್ಲಿ ಹಿಡಿಯುವ ವಿದ್ಯೆ ಮತ್ತು ಉನ್ನತ ಶಿಕ್ಷಣದ ಸಂಘಟಿತ ವ್ಯವಸ್ಥೆ ಎರಡಕ್ಕೂ ಇಲ್ಲಿ ಬಹು ಪ್ರಾಚೀನವಾದ ಆಧಾರಗಳಿವೆ. ಗಮನಾರ್ಹ ಸಂಗತಿಯೆಂದರೆ, ಇವೆರಡೂ ಒಂದೇ ಸೂರಿನಡಿ ಕೂಡಿದ್ದು ತೀರ ಈಚೆಗೆ, ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ. ಈ ಅಗಲಿಕೆ ಮತ್ತು ಕೂಡುವಿಕೆಯ ಸ್ವರೂಪವನ್ನು ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ನೆಲ ಮತ್ತು ಕಲ್ಲು

ಕಾಗಿಣಾ ನದಿಯು ಸೇಡಂ ತಾಲ್ಲೂಕಿನ ಮಳಖೇಡವನ್ನು ಬಳಸಿ, ಚಿತ್ತಾಪುರದ ನೆಲವನ್ನು ಹಾದು, ಶಹಾಬಾದಿನ ಬಳಿ ಹೊನಗುಂಟದಲ್ಲಿ ಭೀಮೆಯನ್ನು ಸೇರುತ್ತದೆ. ಚಿಂಚೋಳಿಯ ಕಡೆಯಿಂದ ಬರುವ ಮುಲ್ಲಾಮಾರಿಯು ಕಾಗಿಣೆಯ ಉಪನದಿ. ಈ ನದಿಗಳ ನಡುವಿನ ಭೂಮಿಯ ಬಹುಭಾಗದ ಅಡಿಯಲ್ಲಿ ಪದರು ಪದರಾಗಿ ಹರಡಿರುವ ಸುಣ್ಣದ ಕಲ್ಲಿದೆ. ಭೂವಿಜ್ಞಾನಿಗಳು ಇದನ್ನು ಭೀಮಾ ಶಿಲಾಸಮೂಹಕ್ಕೆ ಸೇರಿಸುತ್ತಾರೆ. ಜನಸಾಮಾನ್ಯರು ಇದನ್ನು ಶಹಾಬಾದಿ ಕಲ್ಲು ಎಂದೂ ಫರಸಿ ಎಂದೂ ಕರೆಯುತ್ತಾರೆ. ಈ ಕಲ್ಲು ಉಳಿ ತಗುಲಿದೊಡನೆ ಹಲಗೆಯಂತೆ ಸೀಳಿಕೊಳ್ಳುತ್ತದೆ. ಅದರ ಮೇಲ್ಮೈ ಸಮತಟ್ಟು, ಬಣ್ಣ ಬೂದು. ಮನೆಯ ನೆಲಕ್ಕೆ ಹಾಸುವ ಕಲ್ಲೂ ಇದೇ, ವಾಡಿ ಮತ್ತು ಶಹಾಬಾದಿನ ಸಿಮೆಂಟು ಕಾರ್ಖಾನೆಗಳ ಒಲೆಯಲ್ಲಿ ಬೆಂದ ಕಲ್ಲೂ ಇದೇ.

ಚಿತ್ರವಿದ್ಯೆಯ ದೃಷ್ಟಿಯಿಂದ ಈ ಗುಣಕ್ಕೆ ವಿಶೇಷ ಮಹತ್ವವಿದೆ. ದಪ್ಪ ಗುಂಡುಕಲ್ಲಿನಿಂದ ಪೂರ್ಣಶಿಲ್ಪವನ್ನು ಕಡೆಯುವ ಪ್ರದೇಶಗಳಲ್ಲಿ ಶಿಲ್ಪಿಯು ಘನವನ್ನು ಕುರಿತು ಆಲೋಚಿಸುತ್ತಾನೆ. ತೆಳುವಾದ ಹಲಗೆಗಲ್ಲು ದೊರೆಯುವಲ್ಲಿ ಅವನು ಮೊದಲು ಮೇಲ್ಮೈಯನ್ನು ಕುರಿತು ಆಲೋಚಿಸಬೇಕಾಗುತ್ತದೆ. ಉಬ್ಬುಶಿಲ್ಪದ ಆಳ ಕೆಲವೇ ಅಂಗುಲಗಳಾದಾಗ ಆಕೃತಿಯ ಅಂಚು, ಒಂದರ ಹಿಂದೊಂದು ನಿಂತ ವ್ಯಕ್ತಿಗಳ ಜೋಡಣೆ, ಖಾಲಿ ಜಾಗದ ಹಂಚಿಕೆ ಇವೆಲ್ಲವನ್ನೂ ರೇಖೆಯಲ್ಲಿಯೇ ನಿರ್ಧರಿಸಿಕೊಳ್ಳಬೇಕು. ಆದ್ದರಿಂದ ಈ ನೆಲದ ಶಿಲ್ಪವು ಚಿತ್ರಕಲೆಗೆ ತೀರ ಹತ್ತಿರವಾದುದು.

ಕನಗನಹಳ್ಳಿಯ ಸಾಕ್ಷ್ಯ

ಈ ಮಾತಿಗೆ ಅತ್ಯುತ್ತಮ ನಿದರ್ಶನ ಚಿತ್ತಾಪುರ ತಾಲ್ಲೂಕಿನ ಸನ್ನತಿ ಮತ್ತು ಅದಕ್ಕೆ ಹೊಂದಿಕೊಂಡ ಕನಗನಹಳ್ಳಿ. ಭೀಮಾ ತೀರದ ಈ ಸ್ಥಳದ ಬೌದ್ಧ ಅವಶೇಷಗಳನ್ನು 1954ರಲ್ಲಿ ವಿದ್ವಾಂಸರ ಗಮನಕ್ಕೆ ತಂದವರು ಕಪಟರಾಳ ಕೃಷ್ಣರಾಯರು. 1980ರ ದಶಕದ ಉತ್ತರಾರ್ಧದಲ್ಲಿ ಸನ್ನತಿಯ ಚಂದ್ರಲಾಂಬಾ ದೇವಾಲಯದ ಆವರಣದ ಕಾಳಿಕಾ ಗುಡಿಯಲ್ಲಿ ವಿಗ್ರಹದ ಪೀಠವಾಗಿ ಬಳಕೆಯಾಗಿದ್ದ ಹಾಸುಗಲ್ಲಿನ ಮೇಲೆ ಅಶೋಕನ ಶಾಸನಗಳು ಕಂಡುಬಂದವು. 1990ರ ದಶಕದ ನಡುಭಾಗದಿಂದ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯು ಕನಗನಹಳ್ಳಿಯಲ್ಲಿ ನಡೆಸಿದ ಉತ್ಖನನದಿಂದ ಮಹಾಸ್ತೂಪವೊಂದು ಬೆಳಕಿಗೆ ಬಂದಿತು. ಉತ್ಖನನದ ನೇತೃತ್ವವನ್ನು ಕೆ.ಪಿ. ಪೂಣಚ್ಚ ಅವರು ವಹಿಸಿದ್ದರು.

ಸ್ತೂಪದ ಮೈಗೆ ಹೊದಿಸಿದ್ದ ಎತ್ತರವಾದ ಶಿಲಾಫಲಕಗಳಲ್ಲಿ ಬುದ್ಧನ ಜೀವನದ ಘಟನೆಗಳು, ಜಾತಕ ಕಥೆಗಳು, ಬೋಧಿವೃಕ್ಷದ ಪೂಜೆ, ಶಾತವಾಹನ ಅರಸರ ರೂಪಗಳು ಕಡೆಯಲ್ಪಟ್ಟಿವೆ. ಅನೇಕ ಫಲಕಗಳ ಮೇಲೆ ಬ್ರಾಹ್ಮೀ ಲಿಪಿಯಲ್ಲಿ, ಪ್ರಾಕೃತ ಭಾಷೆಯಲ್ಲಿ ದೃಶ್ಯವನ್ನು ಗುರುತಿಸುವ ಹೆಸರುಗಳಿವೆ. ಪರಿವಾರದೊಡನೆ ನಿಂತ ಅರಸನೊಬ್ಬನ ಫಲಕದ ಮೇಲಿರುವ ‘ರಾಯೋ ಅಸೋಕೋ’ ಎಂಬ ಬರಹದಿಂದ ಈ ಸ್ಥಳವು ಜಗತ್ತಿನ ವಿದ್ವಾಂಸರಿಗೆ ಪರಿಚಿತವಾಯಿತು. ಅಶೋಕನು ಆಳಿ ಶತಮಾನಗಳು ಕಳೆದ ಮೇಲೆ ಕಡೆದ ರೂಪವಾದ್ದರಿಂದ ಇದನ್ನು ಯಥಾವತ್ ಭಾವಚಿತ್ರವೆನ್ನಲಾಗದು. ಅರಸನೆಂದರೆ ಹೇಗೆ ಕಾಣಬೇಕೆಂಬ ಒಪ್ಪಿತ ಮಾದರಿಗೆ ಹೆಸರು ಸೇರಿಸಿದ ಕೃತಿಯಿದು.

ಇಲ್ಲಿಯೇ ಬೋಧನೆಯ ಪ್ರಶ್ನೆ ಹುಟ್ಟುತ್ತದೆ. ಒಪ್ಪಿತ ಮಾದರಿಯೊಂದು ಹತ್ತಾರು ಫಲಕಗಳಲ್ಲಿ, ಹಲವು ಕೈಗಳಲ್ಲಿ ಒಂದೇ ಲಕ್ಷಣದೊಡನೆ ಮೂಡಬೇಕಾದರೆ ಅದನ್ನು ಕಲಿಸಿದವರು ಮತ್ತು ಕಲಿತವರು ಇರಲೇಬೇಕು. ಪೇಟದ ಸುತ್ತು, ಕೈಮುಗಿದ ಭಂಗಿ, ಚಾಮರ ಹಿಡಿದ ಸ್ತ್ರೀಯ ನಿಲುವು ಇವು ಫಲಕದಿಂದ ಫಲಕಕ್ಕೆ ಮರಳುತ್ತವೆ. ಅವು ಕೈಯಿಂದ ಕೈಗೆ ದಾಟಿದ ಪಾಠಗಳು. ಕನಗನಹಳ್ಳಿಯನ್ನು ಈ ಪ್ರದೇಶದ ಅತ್ಯಂತ ಪ್ರಾಚೀನ ರೇಖಾಭ್ಯಾಸ ಪುಸ್ತಕವೆಂದು ಕರೆದರೆ ತಪ್ಪಾಗಲಾರದು.

ಘಟಿಕೆ ಮತ್ತು ಓಜ

ಸಂಘಟಿತ ಉನ್ನತ ಶಿಕ್ಷಣಕ್ಕೆ ಸಂಬಂಧಿಸಿದ ಸಾಕ್ಷ್ಯವೂ ಇದೇ ತಾಲ್ಲೂಕಿನಲ್ಲಿ ದೊರೆಯುತ್ತದೆ. ಚಿತ್ತಾಪುರ ಪಟ್ಟಣಕ್ಕೆ ಹತ್ತಿರದ ನಾಗಾವಿಯು ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಪ್ರಸಿದ್ಧ ಘಟಿಕಾಸ್ಥಾನವಾಗಿತ್ತು. ಒಂದನೆಯ ಸೋಮೇಶ್ವರನ ಆಳ್ವಿಕೆಯ ಕ್ರಿ.ಶ. 1058ರ ಶಾಸನವು ದಂಡನಾಯಕ ಮಧುಸೂದನನು ಇಲ್ಲಿನ ಘಟಿಕಾಶಾಲೆಗೆ ಮಾಡಿದ ವ್ಯವಸ್ಥೆಯನ್ನು ವಿವರಿಸುತ್ತದೆ. ವೇದಾಧ್ಯಯನ ಮಾಡುವ 200 ವಿದ್ಯಾರ್ಥಿಗಳು, ಶಾಸ್ತ್ರಾಧ್ಯಯನ ಮಾಡುವ ಸುಮಾರು 50 ವಿದ್ಯಾರ್ಥಿಗಳು, ಇವರಿಗೆ ಪಾಠ ಹೇಳುವ ಉಪಾಧ್ಯಾಯರು, ಜೊತೆಗೆ ಗ್ರಂಥಗಳನ್ನು ಕಾಯುವ 6 ಮಂದಿ ಸರಸ್ವತೀ ಭಂಡಾರಿಗರು ಇದ್ದರು. ವಿದ್ಯಾರ್ಥಿ, ಅಧ್ಯಾಪಕ, ಗ್ರಂಥಪಾಲಕ ಎಂಬ ಮೂರು ವರ್ಗಗಳಿಗೂ ಭೂಮಿ ಮತ್ತು ವೃತ್ತಿಗಳನ್ನು ಗೊತ್ತುಪಡಿಸಿದ ಈ ವ್ಯವಸ್ಥೆಯನ್ನು ಅಂದಿನ ವಿಶ್ವವಿದ್ಯಾಲಯವೆಂದು ಅನೇಕ ವಿದ್ವಾಂಸರು ಬಣ್ಣಿಸಿದ್ದಾರೆ.

ಈ ಪಟ್ಟಿಯಲ್ಲಿ ಚಿತ್ರವಿದ್ಯೆಗೆ ಸ್ಥಾನವಿಲ್ಲ. ಅದೇ ನಾಗಾವಿಯಲ್ಲಿ ಅರವತ್ತು ಕಂಬದ ಗುಡಿಯನ್ನು ಎತ್ತಿ ನಿಲ್ಲಿಸಿದ ಕೈಗಳು ಎಲ್ಲಿ ಕಲಿತವು, ಯಾರಿಂದ ಕಲಿತವು? ಇದಕ್ಕೆ ಉತ್ತರದ ಸೂಚನೆ ಕನ್ನಡ ಭಾಷೆಯಲ್ಲಿಯೇ ಇದೆ. ಚಾಲುಕ್ಯ ಮತ್ತು ಹೊಯ್ಸಳ ಕಾಲದ ಶಿಲ್ಪಿಗಳ ಹೆಸರುಗಳ ಕೊನೆಯಲ್ಲಿ ‘ಓಜ’ ಎಂಬ ಪದ ಬರುತ್ತದೆ. ಬಳ್ಳಿಗಾವೆಯ ದಾಸೋಜ ಇದಕ್ಕೆ ಪ್ರಸಿದ್ಧ ಉದಾಹರಣೆ. ಓಜ ಎಂಬುದು ಸಂಸ್ಕೃತದ ‘ಉಪಾಧ್ಯಾಯ’ ಶಬ್ದದಿಂದ ಪ್ರಾಕೃತದ ಮೂಲಕ ಕನ್ನಡಕ್ಕೆ ಬಂದ ತದ್ಭವ. ಹಳಗನ್ನಡದಲ್ಲಿ ಓಜನೆಂದರೆ ಗುರು. ಘಟಿಕೆಯಲ್ಲಿ ವೇದ ಹೇಳುವವನೂ ಉಪಾಧ್ಯಾಯ, ಕಲ್ಲುಕಣಿಯಲ್ಲಿ ಗೆರೆ ಎಳೆಯಲು ಕಲಿಸುವವನೂ ಉಪಾಧ್ಯಾಯ. ಒಬ್ಬನಿಗೆ ತತ್ಸಮ ರೂಪ ದಕ್ಕಿತು, ಇನ್ನೊಬ್ಬನಿಗೆ ತದ್ಭವ ರೂಪ ದಕ್ಕಿತು. ಒಂದೇ ಪದದ ಈ ಎರಡು ರೂಪಗಳ ಅಂತರದಲ್ಲಿ ನಮ್ಮ ಶಿಕ್ಷಣದ ಇತಿಹಾಸದ ಒಂದು ದೊಡ್ಡ ಭಾಗ ಅಡಗಿದೆ. ಮನಸ್ಸಿನ ವಿದ್ಯೆಗೆ ದತ್ತಿ, ಶಾಲೆ, ಗ್ರಂಥಭಂಡಾರಗಳಿದ್ದವು. ಕೈಯ ವಿದ್ಯೆಗೆ ಮನೆತನ ಮತ್ತು ಕೆಲಸದ ಜಾಗವೇ ಶಾಲೆಯಾಗಿತ್ತು.

ಬರಹದಲ್ಲಿ ಉಳಿದ ಚಿತ್ರವಿಧಾನ

ಈ ಎರಡು ಲೋಕಗಳ ನಡುವೆ ಸಂಪರ್ಕವೇ ಇರಲಿಲ್ಲವೆಂದು ಹೇಳುವಂತಿಲ್ಲ. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಸೇಡಂ ತಾಲ್ಲೂಕಿನ ಮಾನ್ಯಖೇಟ, ಅಂದರೆ ಇಂದಿನ ಮಳಖೇಡ, ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಆಸ್ಥಾನದ ನೆಲೆ. ಅಲ್ಲಿನ ರಾಷ್ಟ್ರಕೂಟ ಅರಮನೆಗಳ ಗೋಡೆಗಳು ಇಂದು ಉಳಿದಿಲ್ಲ. ಆದರೆ ಅದೇ ಅರಸುಮನೆತನದ ಕಾಲದ ಎಲ್ಲೋರದ ಕೈಲಾಸ ದೇವಾಲಯ ಮತ್ತು ಜೈನ ಗುಹೆಗಳಲ್ಲಿ ಉಳಿದ ವರ್ಣಚಿತ್ರಗಳಿಂದ ಆ ಕಾಲದ ಚಿತ್ರಕಾರರ ಸಾಮರ್ಥ್ಯವನ್ನು ಊಹಿಸಬಹುದು.

ಕಲ್ಯಾಣದಿಂದ ಆಳಿದ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಚಿತ್ರಕರ್ಮದ ವಿಧಾನವು ಶಾಸ್ತ್ರರೂಪ ಪಡೆಯಿತು. ಗೋಡೆಯನ್ನು ಸುಣ್ಣದ ಗಾರೆಯಿಂದ ನಯಗೊಳಿಸುವುದು, ಎಮ್ಮೆಯ ಚರ್ಮವನ್ನು ಬೇಯಿಸಿ ತಯಾರಿಸುವ ವಜ್ರಲೇಪ, ಬಗೆಬಗೆಯ ಕುಂಚಗಳು, ಶಂಖಚೂರ್ಣದ ಬಿಳುಪು, ಹರಿತಾಳದ ಹಳದಿ, ಕಾಡಿಗೆಯ ಕಪ್ಪು ಇವೆಲ್ಲವನ್ನೂ ಈ ಗ್ರಂಥ ಹೇಳುತ್ತದೆ. ಕನ್ನಡಿಯ ಬಿಂಬದಂತಿರುವ ವಿದ್ಧಚಿತ್ರ, ಮನಸ್ಸಿಗೆ ತೋರಿದಂತೆ ಬರೆಯುವ ಅವಿದ್ಧಚಿತ್ರ, ರಸಚಿತ್ರ, ಧೂಳಿಚಿತ್ರ ಎಂಬ ವಿಭಾಗಗಳನ್ನೂ ಮಾಡುತ್ತದೆ. ಧೂಳಿಚಿತ್ರವನ್ನು ವಿದ್ವಾಂಸರು ರಂಗೋಲಿಗೆ ಹೋಲಿಸಿದ್ದಾರೆ. ಇದೇ ಕಾಲಕ್ಕೆ ಸೇರಿದ ‘ಮಿತಾಕ್ಷರ’ದ ಕರ್ತೃ ವಿಜ್ಞಾನೇಶ್ವರನ ಹೆಸರು ಶಹಾಬಾದಿನ ಸಮೀಪದ ಮರತೂರಿನೊಡನೆ ಸೇರಿಕೊಂಡಿದೆ. ಚಿತ್ರವಿದ್ಯೆಯೂ ಧರ್ಮಶಾಸ್ತ್ರದಂತೆ ಗ್ರಂಥಸ್ಥವಾದ ಯುಗವದು. ಆದರೂ ಆ ಗ್ರಂಥವನ್ನು ಓದಿದವರು ಚಿತ್ರ ಬರೆದವರಲ್ಲ, ಚಿತ್ರ ಬರೆದವರಿಗೆ ಆ ಗ್ರಂಥದ ಅಗತ್ಯವಿರಲಿಲ್ಲ ಎಂಬ ಸಾಧ್ಯತೆಯನ್ನು ತಳ್ಳಿಹಾಕಲಾಗದು.

ಮುಂದಿನ ಶತಮಾನಗಳಲ್ಲಿಯೂ ಇದೇ ಸ್ಥಿತಿ ಮುಂದುವರಿಯಿತು. ಬೀದರಿನ ಬಳಿ ಅಷ್ಟೂರಿನ ಅಹ್ಮದ್ ಶಾ ವಲಿಯ ಗೋರಿಯ ಒಳಮೈಯ ವರ್ಣಾಲಂಕಾರವು ಬಹಮನಿ ಕಾಲದ ಚಿತ್ರಕಾರರ ಪ್ರೌಢಿಮೆಗೆ ಸಾಕ್ಷಿ. ಸುರಪುರದ ನಾಯಕರ ಆಶ್ರಯದಲ್ಲಿ ಬೆಳೆದ ಚಿತ್ರಶೈಲಿಯನ್ನು ಮನೆತನಗಳು ಉಳಿಸಿಕೊಂಡು ಬಂದವು. ಮದರಸಗಳಲ್ಲಿ, ಮಠಗಳಲ್ಲಿ ಗ್ರಂಥಪಾಠ ನಡೆದರೆ ಚಿತ್ರಪಾಠವು ತಂದೆಯಿಂದ ಮಗನಿಗೆ ನಡೆಯಿತು. ಚಿಂಚೋಳಿಯ ತಾಂಡಾಗಳ ಲಂಬಾಣಿ ಹೆಂಗಸರ ಕಸೂತಿಯಲ್ಲಿಯೂ ಇದೇ ಬಗೆಯ ಶಿಕ್ಷಣವಿದೆ. ಅಲ್ಲಿ ಪಾಠವು ತಾಯಿಯಿಂದ ಮಗಳಿಗೆ ಸಾಗುತ್ತದೆ. ಕನ್ನಡಿ ಚೂರು ಮತ್ತು ಬಣ್ಣದ ದಾರದಲ್ಲಿ ಚೌಕ, ತ್ರಿಕೋನಗಳನ್ನು ಹಂಚುವ ಅವರ ವಿನ್ಯಾಸಜ್ಞಾನವನ್ನು ಯಾವ ಪಠ್ಯಕ್ರಮವೂ ರೂಪಿಸಲಿಲ್ಲ.

ವಾಡಿ ಜಂಕ್ಷನ್ನಿನ ದಾರಿ

ಬ್ರಿಟಿಷರ ಕಾಲದಲ್ಲಿ ಕಲೆಯು ಶಾಲೆಯ ವಿಷಯವಾಯಿತು. ಮದ್ರಾಸಿನ ಕಲಾಶಾಲೆ 1850ರಲ್ಲಿ, ಮುಂಬಯಿಯ ಸರ್ ಜೆ.ಜೆ. ಕಲಾಶಾಲೆ 1857ರಲ್ಲಿ ಆರಂಭವಾದವು. ಆ 1857ರಲ್ಲಿಯೇ ಮುಂಬಯಿ, ಮದ್ರಾಸು, ಕಲ್ಕತ್ತಗಳಲ್ಲಿ ವಿಶ್ವವಿದ್ಯಾಲಯಗಳೂ ಸ್ಥಾಪನೆಯಾದವು. ಆದರೆ ಕಲಾಶಾಲೆಗಳು ಅವುಗಳ ಹೊರಗೆಯೇ ಉಳಿದವು. ನಾಗಾವಿಯಲ್ಲಿ ಕಂಡ ಅಂತರವು ಹೊಸ ವೇಷದಲ್ಲಿ ಮರುಕಳಿಸಿತು. ಪದವಿಯು ಗ್ರಂಥ ಓದಿದವನಿಗೆ ದೊರೆತರೆ, ಚಿತ್ರ ಬರೆದವನಿಗೆ ಡಿಪ್ಲೊಮಾ ದೊರೆಯುತ್ತಿತ್ತು.

ಕಲಬುರಗಿ ಸೀಮೆಯು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಮುಂಬಯಿ ಮತ್ತು ಮದ್ರಾಸುಗಳನ್ನು ಬೆಸೆದ ರೈಲುಮಾರ್ಗವು 1871ರಲ್ಲಿ ರಾಯಚೂರಿನಲ್ಲಿ ಕೂಡಿತು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲುಮಾರ್ಗ ತೆರೆಯಿತು. ಹೀಗೆ ವಾಡಿಯು ಮುಂಬಯಿ, ಮದ್ರಾಸು, ಹೈದರಾಬಾದು ಮೂರೂ ದಿಕ್ಕುಗಳ ಸಂಧಿಸ್ಥಾನವಾಯಿತು. ಈ ಭಾಗದ ಯುವಕನಿಗೆ ಚಿತ್ರಕಲೆಯನ್ನು ಕ್ರಮವಾಗಿ ಕಲಿತು ಪ್ರಮಾಣಪತ್ರ ಪಡೆಯಬೇಕೆಂಬ ಆಸೆಯಿದ್ದರೆ ಈ ರೈಲುದಾರಿಯೇ ಗತಿ. ಊರಿನಲ್ಲಿ ಕಲಿಯಬಹುದಾಗಿತ್ತು, ಆದರೆ ಕಲಿತದ್ದಕ್ಕೆ ಮುದ್ರೆ ಬೀಳುತ್ತಿದ್ದುದು ದೂರದ ನಗರಗಳಲ್ಲಿ.

ಎಸ್.ಎಂ. ಪಂಡಿತರ ಬದುಕು ಇದಕ್ಕೆ ಉತ್ತಮ ನಿದರ್ಶನ. ಅವರು 1916ರಲ್ಲಿ ಕಲಬುರಗಿಯಲ್ಲಿ ಲೋಹದ ಕೆಲಸದ ಮನೆತನದಲ್ಲಿ ಜನಿಸಿದರು. ಅಂದರೆ ಅವರದು ಓಜರ ಪರಂಪರೆಯೇ. ಊರಿನಲ್ಲಿ ಚಿತ್ರಕಲೆಯ ಮೊದಲ ಪಾಠ ಹೇಳಿದವರು ಶಂಕರರಾವ್ ಆಳಂದಕರ್. ಮುಂದೆ ಪಂಡಿತರು ಮದ್ರಾಸಿನ ಕಲಾಶಾಲೆಯ ಡಿಪ್ಲೊಮಾ ಪಡೆದರು. ಮುಂಬಯಿಯಲ್ಲಿ ದಂಡಾವತಿಮಠರ ನೂತನ ಕಲಾಮಂದಿರದಲ್ಲಿ ಮತ್ತು ಜೆ.ಜೆ. ಕಲಾಶಾಲೆಯಲ್ಲಿ ಅಭ್ಯಾಸ ಮುಂದುವರಿಸಿದರು. ಚಲನಚಿತ್ರಗಳ ಭಿತ್ತಿಪತ್ರ, ‘ಫಿಲ್ಮ್ ಇಂಡಿಯಾ’ ಪತ್ರಿಕೆಯ ಮುಖಪುಟ, ಪೌರಾಣಿಕ ವಿಷಯಗಳ ಕ್ಯಾಲೆಂಡರುಗಳ ಮೂಲಕ ಅವರ ಚಿತ್ರಗಳು ದೇಶದ ಮನೆಮನೆಗಳನ್ನು ತಲುಪಿದವು. ಅವರು ನಿಧನರಾದದ್ದು 1993ರಲ್ಲಿ. ಮನೆತನದ ಕೌಶಲ, ಸ್ಥಳೀಯ ಗುರು, ದೂರದ ಕಲಾಶಾಲೆ ಎಂಬ ಮೂರು ಹಂತಗಳು ಅವರಲ್ಲಿ ಒಂದಾಗಿವೆ. ನಾಲ್ಕನೆಯದಾದ ವಿಶ್ವವಿದ್ಯಾಲಯವು ಅವರ ವಿದ್ಯಾಭ್ಯಾಸದ ಕಾಲಕ್ಕೆ ಈ ನೆಲದಲ್ಲಿ ಇರಲೇ ಇಲ್ಲ.

ಆಳಂದಕರರಂಥ ಗುರುಗಳ ಪಾತ್ರವನ್ನು ಇಲ್ಲಿ ಒತ್ತಿಹೇಳಬೇಕು. ಹೊರಗೆ ಕಲಿತ ವಾಸ್ತವಶೈಲಿ, ನೆರಳು ಬೆಳಕಿನ ನಿರ್ವಹಣೆ, ಪ್ರಮಾಣಬದ್ಧ ರೇಖಾಭ್ಯಾಸಗಳನ್ನು ಊರಿಗೆ ತಂದವರು ಇಂಥ ಶಿಕ್ಷಕರೇ. ತಾಲ್ಲೂಕು ಕೇಂದ್ರಗಳ ಪ್ರೌಢಶಾಲೆಗಳ ಡ್ರಾಯಿಂಗ್ ಮಾಸ್ತರರು ಈ ಸರಪಳಿಯ ಮುಂದಿನ ಕೊಂಡಿಗಳು. ಶಾಲೆಯ ವೇಳಾಪಟ್ಟಿಯಲ್ಲಿ ವಾರಕ್ಕೊಂದೆರಡು ಅವಧಿ ಪಡೆದ ಈ ಶಿಕ್ಷಕರು ಅನೇಕ ಮಕ್ಕಳ ಪಾಲಿಗೆ ತಾವು ಕಂಡ ಮೊದಲ ಚಿತ್ರಕಾರರಾಗಿದ್ದರು.

ವಿಶ್ವವಿದ್ಯಾಲಯದ ಅಂಗಳಕ್ಕೆ

1948ರಲ್ಲಿ ಹೈದರಾಬಾದ್ ಸಂಸ್ಥಾನ ಭಾರತದ ಒಕ್ಕೂಟದಲ್ಲಿ ವಿಲೀನಗೊಂಡು, 1956ರ ನವೆಂಬರ್ 1ರಂದು ಕಲಬುರಗಿ ಜಿಲ್ಲೆ ಏಕೀಕೃತ ರಾಜ್ಯಕ್ಕೆ ಸೇರಿದ ನಂತರ ಉನ್ನತ ಶಿಕ್ಷಣದ ದಿಕ್ಕು ಬದಲಾಯಿತು. 1970ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವು ಕಲಬುರಗಿಯಲ್ಲಿ ಆರಂಭವಾಯಿತು. ಅದೇ 1980ರಲ್ಲಿ ಸ್ವತಂತ್ರ ಗುಲ್ಬರ್ಗಾ ವಿಶ್ವವಿದ್ಯಾಲಯವಾಯಿತು.

ದೇಶದಲ್ಲಿ ಚಿತ್ರಕಲೆಯನ್ನು ವಿಶ್ವವಿದ್ಯಾಲಯದ ಪದವಿಯ ವಿಷಯವಾಗಿಸುವ ಪ್ರಯತ್ನ ಅಷ್ಟರಲ್ಲಿ ಬಲಗೊಂಡಿತ್ತು. ಶಾಂತಿನಿಕೇತನದ ಕಲಾಭವನ 1919ರಲ್ಲಿಯೇ ಒಂದು ಮಾದರಿಯನ್ನು ತೋರಿಸಿತ್ತು. 1949ರಲ್ಲಿ ಸ್ಥಾಪನೆಯಾದ ಬರೋಡಾದ ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾಲಯದ ಲಲಿತಕಲಾ ನಿಕಾಯವು ಪದವಿ ಶಿಕ್ಷಣಕ್ಕೆ ಸ್ಪಷ್ಟ ರೂಪ ಕೊಟ್ಟಿತು. ಅಲ್ಲಿ ಚಿತ್ರ ಬರೆಯುವವನು ಕಲೆಯ ಇತಿಹಾಸವನ್ನೂ ಸೌಂದರ್ಯಶಾಸ್ತ್ರವನ್ನೂ ಓದಲೇಬೇಕಾಯಿತು.

ಕಲಬುರಗಿಯಲ್ಲಿ ಈ ಬದಲಾವಣೆಗೆ ನೆಲ ಹದಗೊಳಿಸಿದ್ದು ಖಾಸಗಿ ಕಲಾಶಾಲೆಗಳು. ವಿ.ಜಿ. ಅಂದಾನಿ ಅವರ ಐಡಿಯಲ್ ಫೈನ್ ಆರ್ಟ್ ಸಂಸ್ಥೆ ಮತ್ತು ಜೆ.ಎಸ್. ಖಂಡೇರಾವ್ ಅವರ ಎಂ.ಎಂ.ಕೆ. ದೃಶ್ಯಕಲಾ ಮಹಾವಿದ್ಯಾಲಯಗಳ ಹೆಸರುಗಳನ್ನು ಇಲ್ಲಿ ಮುಖ್ಯವಾಗಿ ಸ್ಮರಿಸಬೇಕು. ಇಬ್ಬರೂ ಸ್ವತಃ ಚಿತ್ರಕಾರರು. ಚಿತ್ರ ಬರೆಯುವವನೇ ಚಿತ್ರ ಕಲಿಸಬೇಕೆಂಬ ಓಜರ ನಿಯಮ ಈ ಸಂಸ್ಥೆಗಳಲ್ಲಿ ಉಳಿದುಬಂದಿತು. ಕಾಲಾನಂತರದಲ್ಲಿ ದೃಶ್ಯಕಲೆಯು ಗುಲ್ಬರ್ಗಾ ವಿಶ್ವವಿದ್ಯಾಲಯದ ಪದವಿ, ಸ್ನಾತಕೋತ್ತರ ಪದವಿ ಮತ್ತು ಸಂಶೋಧನೆಯ ವಿಷಯವಾಯಿತು. ಸೇಡಂ, ಚಿತ್ತಾಪುರ, ಚಿಂಚೋಳಿಗಳ ವಿದ್ಯಾರ್ಥಿಯು ಪದವಿಗಾಗಿ ಮುಂಬಯಿ ಅಥವಾ ಮದ್ರಾಸಿನ ರೈಲು ಹತ್ತಬೇಕಾದ ಅನಿವಾರ್ಯತೆ ತಪ್ಪಿತು. ವಿಶೇಷವಾಗಿ ದೂರದ ನಗರಕ್ಕೆ ಹೋಗಿ ವರ್ಷಗಟ್ಟಲೆ ಇರಲು ಅನುಕೂಲವಿಲ್ಲದ ಬಡ ಕುಟುಂಬದ ಮಕ್ಕಳಿಗೂ ಹೆಣ್ಣುಮಕ್ಕಳಿಗೂ ಇದರಿಂದ ಬಾಗಿಲು ತೆರೆದಂತಾಯಿತು. ವೃತ್ತಿ ಮನೆತನದ ಹೊರಗಿನವರೂ ಚಿತ್ರವಿದ್ಯೆಯನ್ನು ಕಲಿಯಬಹುದಾದದ್ದು ಇದಕ್ಕಿಂತಲೂ ದೊಡ್ಡ ಸಾಮಾಜಿಕ ಬದಲಾವಣೆ.

ಬೋಧನೆ ಮತ್ತು ಅಭ್ಯಾಸದ ನಡುವೆ

ದೃಶ್ಯಕಲೆಯ ಪಠ್ಯಕ್ರಮದಲ್ಲಿ ಸಾಮಾನ್ಯವಾಗಿ ವಸ್ತುಚಿತ್ರ, ಮುಖಾಭ್ಯಾಸ, ಮಾನವದೇಹದ ಅಭ್ಯಾಸ, ನಿಸರ್ಗಚಿತ್ರ, ಸಂಯೋಜನೆ, ಮುದ್ರಣಕಲೆ ಎಂಬ ಪ್ರಾಯೋಗಿಕ ವಿಷಯಗಳಿರುತ್ತವೆ. ಅವುಗಳ ಜೊತೆಗೆ ಕಲೆಯ ಇತಿಹಾಸ ಮತ್ತು ಸೌಂದರ್ಯಮೀಮಾಂಸೆ ಎಂಬ ಲಿಖಿತ ವಿಷಯಗಳಿರುತ್ತವೆ. ಘಟಿಕೆಯ ಉಪಾಧ್ಯಾಯನೂ ಕಲ್ಲುಕಣಿಯ ಓಜನೂ ಒಂದೇ ಅಂಗಳಕ್ಕೆ ಬಂದಂತೆ ಇದು ಕಾಣುತ್ತದೆ. ಆದರೆ ಅವರು ಪರಸ್ಪರ ಮಾತನಾಡುತ್ತಿದ್ದಾರೆಯೇ ಎಂಬುದು ವಿಚಾರಾರ್ಹ. ಪ್ರಾಯೋಗಿಕ ತರಗತಿಯಲ್ಲಿ ಜೆ.ಜೆ. ಶಾಲೆಯ ವಾಸ್ತವಶೈಲಿಯ ಅಭ್ಯಾಸ ನಡೆದು, ಇತಿಹಾಸದ ತರಗತಿಯಲ್ಲಿ ಅಜಂತದಿಂದ ಆಧುನಿಕ ಯೂರೋಪಿನವರೆಗಿನ ಟಿಪ್ಪಣಿಗಳು ಬರೆಯಲ್ಪಟ್ಟರೆ ಎರಡೂ ಬೇರೆ ಬೇರೆ ಕೋಣೆಗಳಲ್ಲಿಯೇ ಉಳಿಯುತ್ತವೆ.

ಅವೆರಡನ್ನೂ ಕೂಡಿಸಬಲ್ಲ ಸಾಮಗ್ರಿಯು ಇದೇ ಜಿಲ್ಲೆಯಲ್ಲಿದೆ. ಕನಗನಹಳ್ಳಿಯ ಫಲಕವೊಂದರ ಮುಂದೆ ಕುಳಿತು ಅದನ್ನು ರೇಖೆಯಲ್ಲಿ ಬರೆದುಕೊಳ್ಳುವ ವಿದ್ಯಾರ್ಥಿಗೆ ಒಂದೇ ವೇಳೆಗೆ ಅನೇಕ ಪಾಠಗಳಾಗುತ್ತವೆ. ಅಲ್ಪ ಆಳದಲ್ಲಿ ಗುಂಪನ್ನು ಹೇಗೆ ಜೋಡಿಸಬಹುದೆಂಬುದು ಸಂಯೋಜನೆಯ ಪಾಠ. ದೃಶ್ಯ ಯಾವುದು, ಅರಸ ಯಾರು ಎಂಬುದು ಇತಿಹಾಸದ ಪಾಠ. ಅಕ್ಷರವನ್ನು ಚಿತ್ರದ ಭಾಗವಾಗಿ ಎಲ್ಲಿ ಇರಿಸಿದ್ದಾರೆಂಬುದು ವಿನ್ಯಾಸದ ಪಾಠ. ಛಾಯಾಚಿತ್ರವು ಎಲ್ಲವನ್ನೂ ಸಮನಾಗಿ ಹಿಡಿಯುತ್ತದೆ. ರೇಖಾಚಿತ್ರ ಬರೆಯುವವನು ಮಾತ್ರ ಸವೆದ ಅಂಚು ಯಾವುದು, ಮುರಿದ ಅಂಚು ಯಾವುದು, ಶಿಲ್ಪಿ ಉದ್ದೇಶಿಸಿದ ಅಂಚು ಯಾವುದು ಎಂದು ಪ್ರತಿ ಗೆರೆಗೂ ನಿರ್ಧರಿಸಬೇಕಾಗುತ್ತದೆ. ಪುರಾತತ್ತ್ವ ಶಾಸ್ತ್ರಕ್ಕೆ ಇಂಥ ರೇಖಾಚಿತ್ರಗಳ ಉಪಯೋಗ ಇಂದಿಗೂ ಕಡಿಮೆಯಾಗಿಲ್ಲ.

ಇದು ಕೇವಲ ಶೈಕ್ಷಣಿಕ ಲಾಭದ ಮಾತಲ್ಲ. ಉತ್ಖನನದ ನಂತರ ಕನಗನಹಳ್ಳಿಯ ಫಲಕಗಳಲ್ಲಿ ಅನೇಕವು ಬಹುಕಾಲ ಸ್ಥಳದಲ್ಲಿಯೇ ಬಿಸಿಲು ಮಳೆಗಳಿಗೆ ಹತ್ತಿರವಾಗಿ ಉಳಿದಿದ್ದವು. 2022ರ ಸುಮಾರಿಗೆ ಪುರಾತತ್ತ್ವ ಇಲಾಖೆಯ ಸಂರಕ್ಷಣಾ ಕಾರ್ಯ ಆರಂಭವಾಯಿತು. ಸುಣ್ಣದ ಕಲ್ಲು ಮೆದುವಾದುದು, ಒಮ್ಮೆ ಪದರು ಎದ್ದರೆ ರೇಖೆ ಮರಳಿ ಬಾರದು. ಆ ಅವಧಿಯಲ್ಲಿ ಪ್ರತಿವರ್ಷ ಒಂದು ತರಗತಿಯ ವಿದ್ಯಾರ್ಥಿಗಳು ಕೆಲವು ಫಲಕಗಳನ್ನು ಅಳತೆಯಿಟ್ಟು ಬರೆದಿಟ್ಟಿದ್ದರೆ ಅದೊಂದು ಅಮೂಲ್ಯ ದಾಖಲೆಯಾಗುತ್ತಿತ್ತು. ಮಳಖೇಡದ ಕೋಟೆ, ನಾಗಾವಿಯ ಕಂಬಗಳು, ತಾಂಡಾಗಳ ಕಸೂತಿ, ಕಲ್ಲುಗಣಿಗಳ ಬದುಕು ಇವುಗಳ ವಿಷಯದಲ್ಲಿಯೂ ಇದೇ ಮಾತನ್ನು ಹೇಳಬಹುದು. ಗಣಿಗಾರಿಕೆಯಿಂದ ಭೂದೃಶ್ಯವೇ ಬದಲಾಗುತ್ತಿರುವ ಪ್ರದೇಶದಲ್ಲಿ ನಿಸರ್ಗಚಿತ್ರವು ತಂತಾನೇ ಇತಿಹಾಸದ ಆಕರವಾಗುತ್ತದೆ.

ಉಪಸಂಹಾರ

ಮೇಲಿನ ವಿವೇಚನೆಯಿಂದ ಕೆಲವು ಸಂಗತಿಗಳು ಸ್ಪಷ್ಟವಾಗುತ್ತವೆ. ಕಾಗಿಣಾ ತೀರದಲ್ಲಿ ಚಿತ್ರವಿದ್ಯೆಯ ಬೋಧನೆಯು ಸುಮಾರು ಎರಡು ಸಾವಿರ ವರ್ಷಗಳಷ್ಟು ಹಿಂದಿನದು. ಉನ್ನತ ವಿದ್ಯಾಸಂಸ್ಥೆಗೆ ಇಲ್ಲಿ ಸುಮಾರು ಸಾವಿರ ವರ್ಷಗಳ ಸಾಕ್ಷ್ಯವಿದೆ. ಇವೆರಡೂ ಕೂಡಿ ನಡೆದ ಅವಧಿ ಮಾತ್ರ ಅರ್ಧ ಶತಮಾನಕ್ಕಿಂತ ಕಡಿಮೆ. ಈ ಕೂಡುವಿಕೆಯಿಂದ ಚಿತ್ರವಿದ್ಯೆಯು ಮನೆತನದ ಮಿತಿಯನ್ನು ದಾಟಿತು, ಊರಿನ ಸಮೀಪಕ್ಕೆ ಬಂದಿತು, ಪದವಿಯ ಮನ್ನಣೆ ಪಡೆಯಿತು. ಆದರೆ ಓಜನ ಬೋಧನೆಗೆ ಇದ್ದ ಒಂದು ಬಲವು ಇಲ್ಲಿ ಇನ್ನೂ ಪೂರ್ಣವಾಗಿ ನೆಲೆಗೊಂಡಿಲ್ಲ. ಅವನ ಶಿಷ್ಯನು ಕಲಿಯುತ್ತಿದ್ದುದು ತನ್ನ ಕಾಲಡಿಯ ಕಲ್ಲಿನ ಮೇಲೆ, ತನ್ನ ಊರಿನಲ್ಲಿಯೇ ನಿಲ್ಲುವ ಕಟ್ಟಡಕ್ಕಾಗಿ.

ನಾಗಾವಿಯ ಶಾಸನವು ವಿದ್ಯಾರ್ಥಿ, ಉಪಾಧ್ಯಾಯ, ಸರಸ್ವತೀ ಭಂಡಾರಿಗರನ್ನು ಹೆಸರಿಸಿ ಓಜನನ್ನು ಹೊರಗಿಟ್ಟಿತು. ಇಂದಿನ ವಿಶ್ವವಿದ್ಯಾಲಯವು ಅವನಿಗೆ ಆಸನ ನೀಡಿದೆ. ಅವನ ಕಲ್ಲುಕಣಿಯನ್ನೂ, ಎಂದರೆ ಸನ್ನತಿ, ಮಳಖೇಡ, ಶಹಾಬಾದ್, ಚಿಂಚೋಳಿಗಳ ನೆಲವನ್ನೂ ತರಗತಿಯ ಭಾಗವಾಗಿ ಸ್ವೀಕರಿಸಿದಾಗ ಆ ಆಸನಕ್ಕೆ ಪೂರ್ಣ ಅರ್ಥ ಬರುತ್ತದೆ. ಈ ದಿಕ್ಕಿನಲ್ಲಿ ದೃಶ್ಯಕಲೆ, ಇತಿಹಾಸ ಮತ್ತು ಪುರಾತತ್ತ್ವ ಅಧ್ಯಯನ ಮಾಡುವವರು ಒಟ್ಟಾಗಿ ಕ್ಷೇತ್ರಕಾರ್ಯ ಕೈಗೊಳ್ಳುವುದು ಅವಶ್ಯವಾಗಿದೆ.